ರಿಪೋರ್ಟಿನಲ್ಲಿ 78% ಬಂದಿದೆ, ನನ್ನ ಶ್ವಾಸಕೋಶ ಸಣ್ಣದಾ?

ಸದಾಶಿವಗಡದವ
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ. ಕಾರವಾರದಲ್ಲಿ ಒಬ್ಬ ಕಂಟ್ರಾಕ್ಟರ್ ಹತ್ತಿರ ಸುಪರ್‌ವೈಸರ್ ಆಗಿದ್ದೇನೆ. ವರ್ಷಕ್ಕೊಮ್ಮೆ ಮೆಡಿಕಲ್ ಮಾಡಿಸಿ ಕೊಡಬೇಕು. ಬಿಪಿ, ಶುಗರ್, ಕಣ್ಣು, ಎಕ್ಸ್‌ರೇ ಎಲ್ಲ ಎಂದಿನ ಹಾಗೆ. ಈ ವರ್ಷ ಊದುವ ಪರೀಕ್ಷೆಯನ್ನೂ ಸೇರಿಸಿದ್ದಾರೆ. ಸ್ಪೈರೋಮೆಟ್ರಿ ಅಂತಾರಲ್ಲ, ಅದು.

ರಿಪೋರ್ಟ್ ಇವತ್ತು ಸಂಜೆ ಕೈಗೆ ಬಂತು. ಎಫ್‌ವಿಸಿ 3.10 ಲೀಟರ್, 78%. ಎಫ್‌ಇವಿ1 2.55 ಲೀಟರ್, 79%. ಎರಡರ ಅನುಪಾತ 82%. ಕೆಳಗೆ ಕಂಪ್ಯೂಟರ್ ತಾನೇ ಬರೆದ ಒಂದು ಸಾಲು, ‘ಮೈಲ್ಡ್ ರಿಸ್ಟ್ರಿಕ್ಷನ್’. ಯಾರ ಸಹಿಯೂ ಇಲ್ಲ. ಕೌಂಟರಿನಲ್ಲಿ ಕೇಳಿದರೆ “80ಕ್ಕಿಂತ ಕಡಿಮೆ ಇದ್ರೆ ಹಾಗೇ ಬರ್ತದೆ” ಅಂದರು. ಅಷ್ಟೇ.

ಬೀಡಿ ಸಿಗರೇಟು ಮುಟ್ಟಿದವನಲ್ಲ. ಕೆಮ್ಮಿಲ್ಲ, ದಮ್ಮಿಲ್ಲ. ಸದಾಶಿವಗಡದ ಗುಡ್ಡವನ್ನು ದೇವಿ ಗುಡಿವರೆಗೆ ಮಾತಾಡುತ್ತಲೇ ಹತ್ತುತ್ತೇನೆ. ಮೊಬೈಲಿನಲ್ಲಿ ‘ರಿಸ್ಟ್ರಿಕ್ಷನ್’ ಅಂತ ಹುಡುಕಿದೆ. ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಗಳ ದೊಡ್ಡ ಪಟ್ಟಿಯೇ ಬಂತು. ಹೆಂಡತಿಗೆ ಇನ್ನೂ ಹೇಳಿಲ್ಲ. ಆರೋಗ್ಯವಾಗಿರುವವರಿಗೆ ಎಷ್ಟಿರಬೇಕು? ಗೊತ್ತಿದ್ದವರು ಹೇಳಿ.

ಮಾಜಾಳಿಹುಡುಗ
ಸೋಮವಾರ, ರಾತ್ರಿ 9:52

ಅಣ್ಣಾ, ಟೆನ್ಶನ್ ಬೇಡ. ಮೆಡಿಕಲ್ ಶಾಪಿನಲ್ಲಿ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಸಿಗ್ತದಲ್ಲ, ಅದು ತಗೊಳ್ಳಿ. ನಮ್ಮನೆಯಲ್ಲಿ ಕೊರೋನಾ ಟೈಮಿಂದ ಬಿದ್ದಿದೆ. ನಾನು ಮೂರೂ ಚೆಂಡು ಒಟ್ಟಿಗೆ ಎತ್ತುತ್ತೇನೆ. ಮೂರೂ ಎದ್ದರೆ ಲಂಗ್ಸ್ ನೂರಕ್ಕೆ ನೂರು.

ಊದುಗೊಳವೆ
ಸೋಮವಾರ, ರಾತ್ರಿ 10:25

ತಮ್ಮಾ, ಅದು ಬೇರೆ, ಇದು ಬೇರೆ. ಆ ಡಬ್ಬಿಯಲ್ಲಿ ಊದುವುದಲ್ಲ, ಎಳೆಯುವುದು. ಮೇಲೆ 600, 900, 1200 ಅಂತ ಬರೆದಿರುತ್ತದೆ, ನೋಡು. ಸೆಕೆಂಡಿಗೆ ಅಷ್ಟು ಮಿಲಿ ವೇಗದಲ್ಲಿ ಎಳೆದರೆ ಚೆಂಡು ಏಳುತ್ತದೆ. ಆಪರೇಷನ್ ಆದವರು ಉಸಿರನ್ನು ಆಳವಾಗಿ ತೆಗೆದುಕೊಳ್ಳಲಿ ಅಂತ ಕೊಡುವ ವ್ಯಾಯಾಮದ ಸಾಮಾನು ಅದು. ಅಳತೆಯ ಸಾಮಾನಲ್ಲ.

ಸದಾಶಿವಗಡದವರೇ, ನಾನು ಈ ಪರೀಕ್ಷೆ ಮಾಡಿಸುವ ಟೆಕ್ನೀಶಿಯನ್. ಮೂಲ ಕುಮಟಾ, ಈಗ ಹುಬ್ಬಳ್ಳಿಯಲ್ಲಿದ್ದೇನೆ. ಡಾಕ್ಟರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ದಿನಾ ಹತ್ತಾರು ಜನರಿಗೆ “ಊದಿ ಊದಿ ಊದಿ” ಅಂತ ಕೂಗಿ ಕೂಗಿ ಗಂಟಲು ಒಡೆದುಕೊಂಡವನು.

ನಿಮ್ಮ ನಂಬರುಗಳ ಅರ್ಥ ಇಷ್ಟು. ಬಚ್ಚಲಮನೆ ಹಂಡೆ ನೆನಪು ಮಾಡಿಕೊಳ್ಳಿ. ಒಲೆಗೆ ಹುಗಿದ ಹಂಡೆ, ಬಗ್ಗಿಸಲು ಬರುವುದಿಲ್ಲ. ತಂಬಿಗೆಯಲ್ಲಿ ಎಷ್ಟು ಮೊಗೆದರೂ ತಳದಲ್ಲಿ ಒಂದಿಷ್ಟು ನೀರು ಉಳಿದೇ ಉಳಿಯುತ್ತದೆ. ಶ್ವಾಸಕೋಶವೂ ಹಾಗೇ. ಪೂರ್ತಿ ಎಳೆದು, ಜೋರಾಗಿ ಕೊನೆತನಕ ಊದಿದಾಗ ಹೊರಬರುವ ಗಾಳಿ ಎಫ್‌ವಿಸಿ. ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಬಂದದ್ದು ಎಫ್‌ಇವಿ1. ಎಷ್ಟು ಊದಿದರೂ ಒಳಗೇ ಉಳಿಯುವ ಗಾಳಿ ಸುಮಾರು 1.2 ಲೀಟರ್. ಹಂಡೆ ಪೂರ್ತಿ ಲೆಕ್ಕ ಹಾಕಿದರೆ ಸರಾಸರಿ ಗಂಡಸಿಗೆ 6 ಲೀಟರಿನಷ್ಟು ಅಂತ ಪುಸ್ತಕದಲ್ಲಿರುತ್ತದೆ. ಆ ಪುಸ್ತಕದ ಗಂಡಸು ನಮಗಿಂತ ಎತ್ತರದವನು ಅನ್ನುವುದು ಬೇರೆ ಮಾತು. ಸುಮ್ನೆ ಕೂತಾಗ ನಾವು ಒಂದು ಸಲ ಎಳೆಯುವುದು ಬರೀ ಅರ್ಧ ಲೀಟರ್. ಒಂದು ಹಾಲಿನ ಪ್ಯಾಕೆಟ್ಟಿನಷ್ಟು.

ಗಾಳಿ ಹೋಗುವ ಕೊಳವೆ ಇರುಕಾದರೆ ಮೊದಲ ಸೆಕೆಂಡಿನ ಪಾಲು ಕಡಿಮೆಯಾಗುತ್ತದೆ, ಅನುಪಾತ ಇಳಿಯುತ್ತದೆ. ಅಸ್ತಮಾ, ಸಿಒಪಿಡಿ (ಕೊಳವೆ ಇರುಕಾಗಿಯೇ ಉಳಿಯುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಈ ಜಾತಿ. ನಿಮ್ಮ ಅನುಪಾತ 82, ಅಲ್ಲಿ ತಕರಾರಿಲ್ಲ. ರಿಸ್ಟ್ರಿಕ್ಷನ್ ಅಂದರೆ ಹಂಡೆಯೇ ಸಣ್ಣದು ಅಂತ. ಈಗ ನೀವೇ ಹೇಳಿ. ತಳದಲ್ಲಿ ಉಳಿದದ್ದನ್ನು ಅಳೆಯದೆ ಹಂಡೆ ಸಣ್ಣದು ಅನ್ನುವುದು ಹೇಗೆ? ಊದುವ ಪರೀಕ್ಷೆ ತಳವನ್ನು ಅಳೆಯುವುದೇ ಇಲ್ಲ. ಅದಕ್ಕೆ ಗಾಜಿನ ಪೆಟ್ಟಿಗೆಯೊಳಗೆ ಕೂರಿಸುವ ಬೇರೆ ಪರೀಕ್ಷೆ ಇದೆ. ಹೀಲಿಯಂ ಉಸಿರಾಡಿಸಿ ಲೆಕ್ಕ ಹಾಕುವ ಕ್ರಮವೂ ಉಂಟು. ಹಾಗಾಗಿ ಆ ಸಾಲು ಬರೀ ಅನುಮಾನ. ತೀರ್ಪು ಅಂತ ಓದಬೇಡಿ.

ನಾಲ್ಕು ವಿಷಯ ಹೇಳಿ. ನಿಮ್ಮ ಎತ್ತರವನ್ನು ಅಳೆದರಾ, ಇಲ್ಲ ಕೇಳಿ ಬರೆದುಕೊಂಡರಾ? ಊಟ ಆಗಿತ್ತಾ? ಎಷ್ಟು ಸೆಕೆಂಡ್ ಊದಿದಿರಿ? ರಿಪೋರ್ಟಿನ ಮೂಲೆಯಲ್ಲಿ ‘ಪ್ರೆಡಿಕ್ಟೆಡ್’ ಅಂತ ಸಣ್ಣಕ್ಷರದಲ್ಲಿ ಏನೋ ಇರುತ್ತದೆ, ಅದೇನು?

ಸದಾಶಿವಗಡದವ
ಸೋಮವಾರ, ರಾತ್ರಿ 11:05

ತುಂಬಾ ಉಪಕಾರ. ಹಂಡೆ ಲೆಕ್ಕ ಅರ್ಥವಾಯಿತು.

ಎತ್ತರ ಅಳೆದಿಲ್ಲ. “ಎಷ್ಟು?” ಅಂದರು, “ಐದೂವರೆ ಅಡಿ” ಅಂದೆ. 168 ಸೆಂ.ಮೀ. ಅಂತ ಹಾಕಿದ್ದಾರೆ. ಊಟದ ವಿಷಯ ಹೇಳಲು ನಾಚಿಕೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟಿದ್ದೆ. ಮಧ್ಯಾಹ್ನ ಹೋಟೆಲಿನಲ್ಲಿ ಬಂಗಡೆ ಸಾರು, ಎರಡು ಸಲ ಅನ್ನ. ಆಮೇಲೆ ಸೀದಾ ಹೋಗಿ ಊದಿದೆ. ಬೆಲ್ಟು ಹೊಟ್ಟೆಗೆ ಒತ್ತುತ್ತಿತ್ತು. ಮೂರು ಸಲ ಊದಿಸಿದರು. ಪ್ರತಿ ಸಲ “ಆಯ್ತು, ಸಾಕು” ಅಂದರು. ರಿಪೋರ್ಟಿನಲ್ಲಿ ‘ಎಫ್‌ಇಟಿ 2.8’ ಅಂತ ಇದೆ. ಅದು ಸೆಕೆಂಡೇ ಇರಬೇಕು ಅಲ್ವಾ?

ಮೂಲೆಯಲ್ಲಿ ಬರೆದದ್ದು: ‘ಇಆರ್‌ಎಸ್ 93, ಎಥ್ನಿಕ್ 100%’.

ಊದುಗೊಳವೆ
ಸೋಮವಾರ, ರಾತ್ರಿ 11:20

ಸಿಕ್ಕಿತು. 2.8 ಸೆಕೆಂಡ್! ಹರೆಯದವರ ಗಾಳಿ ಬೇಗ ಖಾಲಿಯಾಗುತ್ತದೆ. 52ರವರಿಗೆ ಆರು ಸೆಕೆಂಡಾದರೂ ಊದಿಸಿ, ಗ್ರಾಫಿನ ಗೆರೆ ಮಲಗುವ ತನಕ ಬಿಡಬಾರದು. ಮೊದಲ ಸೆಕೆಂಡಿನದ್ದು ಸರಿಯಾಗಿ ಬಂದು, ಬಾಲ ಕತ್ತರಿಸಿ ಹೋದರೆ ಏನಾಗುತ್ತದೆ? ಎಫ್‌ವಿಸಿ ಕಡಿಮೆ, ಅನುಪಾತ ಜಾಸ್ತಿ. ನೋಡಿದರೆ ಥೇಟ್ ರಿಸ್ಟ್ರಿಕ್ಷನ್ ಹಾಗೇ ಕಾಣುತ್ತದೆ. ಕಂಪ್ಯೂಟರಿಗೆ ಬಾಲ ಕತ್ತರಿಸಿದ್ದು ಗೊತ್ತಾಗಲಿಲ್ಲ.

ಹೊಟ್ಟೆ ತುಂಬಿದ್ದರೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಪರದೆಯಂಥ ಸ್ನಾಯು) ಕೆಳಗೆ ಇಳಿಯಲು ಜಾಗವಿರುವುದಿಲ್ಲ. ಬಂಗಡೆ ತಪ್ಪಲ್ಲ, ಎರಡನೇ ಸಲದ ಅನ್ನ ತಪ್ಪು.

ಒಂದು ಮಾತು, ಹೊರಗಿನ ವಿಷಯವೇ ಅಂದುಕೊಳ್ಳಿ. ನಮ್ಮ ಕರಾವಳಿಯ ಹಳೇ ತಲೆಮಾರಿನ ಹೆಂಗಸರಿಗೆ “ಊದಿ” ಅಂದರೆ ಒಲೆ ಊದಿದ ಹಾಗೆ ಊದುತ್ತಾರೆ. ಫೂ, ಫೂ, ಫೂ ಅಂತ ತುಂಡು ತುಂಡು. ದೇವಸ್ಥಾನದಲ್ಲಿ ಶಂಖ ಊದುವವರೊಬ್ಬರು ಬಂದಿದ್ದರು. ಅವರು ಗಾಳಿಯನ್ನು ಹಿಡಿದು ಹಿಡಿದು ಬಿಟ್ಟರು. ಶಂಖಕ್ಕೆ ಅದು ಸರಿ. ಇಲ್ಲಿ ಮೊದಲ ಕ್ಷಣವೇ ಸಿಡಿಯಬೇಕು. ಅಂದರೆ ಶ್ವಾಸಕೋಶ ಅಷ್ಟೇ ಅಲ್ಲ, ಊದುವವನ ಅಭ್ಯಾಸ, ಊದಿಸುವವನ ತಾಳ್ಮೆ ಎಲ್ಲ ಸೇರಿ ಆ ನಂಬರ್ ಆಗುತ್ತದೆ. ಮೂರು ಒಳ್ಳೆಯ ಊದು ಸಿಗಬೇಕು. ಅದರಲ್ಲಿ ದೊಡ್ಡವೆರಡರ ನಡುವೆ 150 ಮಿಲಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಸಿಗದಿದ್ದರೆ ಎಂಟು ಸಲದವರೆಗೂ ಊದಿಸಬಹುದು.

ಅಂಕೋಲೆಮಾಸ್ತರು
ಮಂಗಳವಾರ, ಬೆಳಿಗ್ಗೆ 6:15

ನಾನು ನಿವೃತ್ತ ಗಣಿತ ಮಾಸ್ತರು. ನಿದ್ದೆ ಬೇಗ ಬಿಡುತ್ತದೆ. 78% ಅನ್ನುವುದು ಯಾವುದರ 78% ಅಂತ ಯಾರೂ ಕೇಳಲಿಲ್ಲ ನೋಡಿ.

ಆ ‘ಇಆರ್‌ಎಸ್ 93’ ಅನ್ನುವುದು ಯುರೋಪಿನ ಸೂತ್ರ. 1993ರದ್ದು. ಗಂಡಸರ ಎಫ್‌ವಿಸಿಗೆ ಲೆಕ್ಕ ಹೀಗೆ. ಎತ್ತರವನ್ನು ಮೀಟರಿನಲ್ಲಿ ಬರೆದು 5.76ರಿಂದ ಗುಣಿಸಿ. ವಯಸ್ಸನ್ನು 0.026ರಿಂದ ಗುಣಿಸಿ ಅದರಿಂದ ಕಳೆಯಿರಿ. ಉಳಿದದ್ದರಲ್ಲಿ 4.34 ಕಳೆಯಿರಿ. ನಿಮ್ಮದು 1.68 ಮೀಟರ್, 52 ವರ್ಷ. 9.68, ಅದರಲ್ಲಿ 1.35 ಹೋಯಿತು, 4.34 ಹೋಯಿತು. ಸುಮಾರು 3.98 ಲೀಟರ್. ನೀವು ಊದಿದ್ದು 3.10. ಭಾಗಿಸಿದರೆ 78%. ಯಂತ್ರ ಮಾಡಿದ್ದು ಇಷ್ಟೇ.

ಎಫ್‌ಇವಿ1ಕ್ಕೆ ಗುಣಕಗಳು ಬೇರೆ: ಎತ್ತರಕ್ಕೆ 4.30, ವಯಸ್ಸಿಗೆ 0.029, ಕೊನೆಗೆ ಕಳೆಯುವುದು 2.49. ಇಲ್ಲಿ 0.029 ಅನ್ನುವುದನ್ನು ಸ್ವಲ್ಪ ನಿಂತು ನೋಡಿ. ವರ್ಷಕ್ಕೆ 29 ಮಿಲಿ. ಇಪ್ಪತ್ತೈದರ ಹೊತ್ತಿಗೆ ಶ್ವಾಸಕೋಶದ ಶಕ್ತಿ ತುತ್ತತುದಿಗೆ ಹೋಗಿ, ಆಮೇಲೆ ಆರೋಗ್ಯವಂತರಿಗೂ ವರ್ಷಕ್ಕೆ ಇಷ್ಟಿಷ್ಟೇ ಇಳಿಯುತ್ತದೆ. ಬೀಡಿ ಸಿಗರೇಟಿನವರಿಗೆ ಇಳಿತ ಇನ್ನೂ ಜೋರು. ಆ ಪುಟ್ಟ ಸಂಖ್ಯೆಯಲ್ಲಿ ಮುಪ್ಪು ಕೂತಿದೆ.

ಈಗ ಎತ್ತರ. ಒಂದು ಸೆಂಟಿಮೀಟರಿಗೆ 57.6 ಮಿಲಿ. ಐದೂವರೆ ಅಡಿ ಅಂತ ಬಾಯಲ್ಲಿ ಹೇಳಿದಿರಿ. ನಮ್ಮ ಕಡೆ ಗಂಡಸರೆಲ್ಲ ಐದೂವರೆ ಅಡಿಯೇ! ನನ್ನ ವಿದ್ಯಾರ್ಥಿಗಳೂ ಹಾಗೇ ಹೇಳುತ್ತಿದ್ದರು. ಚಪ್ಪಲಿ ಬಿಚ್ಚಿ, ಗೋಡೆಗೆ ಬೆನ್ನು ಕೊಟ್ಟು ನಿಂತು ಅಳೆಸಿಕೊಳ್ಳಿ. ಆಮೇಲೆ ಮಾತಾಡೋಣ.

ಎತ್ತರದ ಈ ಗುಟ್ಟು ಹಳೆಯದು. ಲಂಡನ್ನಿನ ಜಾನ್ ಹಚಿನ್ಸನ್ ಅನ್ನುವ ವೈದ್ಯ 1846ರಲ್ಲಿ ತನ್ನ ಸ್ಪೈರೋಮೀಟರಿನಲ್ಲಿ 2,000ಕ್ಕೂ ಹೆಚ್ಚು ಜನರನ್ನು ಊದಿಸಿದ ಲೆಕ್ಕ ಪ್ರಕಟಿಸಿದ. ನಾವಿಕರು, ಪೊಲೀಸರು, ಬೆಂಕಿ ಆರಿಸುವವರು, ಬಡಪಾಯಿಗಳು, ಎಲ್ಲರೂ ಇದ್ದರು. ಐದರಿಂದ ಆರು ಅಡಿಯ ನಡುವೆ ಪ್ರತಿ ಇಂಚಿಗೆ 8 ಘನ ಇಂಚು ಗಾಳಿ ಜಾಸ್ತಿ ಅಂತ ಅವನು ಬರೆದ. ಲೆಕ್ಕ ಹಾಕಿದರೆ ಸೆಂಟಿಮೀಟರಿಗೆ 52 ಮಿಲಿಯ ಹತ್ತಿರ ಬರುತ್ತದೆ. ಸುಮಾರು ನೂರೈವತ್ತು ವರ್ಷದ ಆಮೇಲಿನ ಸೂತ್ರದಲ್ಲಿ 57.6. ಆ ಕಾಲದ ಡಬ್ಬಿಯಲ್ಲಿ ಇಷ್ಟು ಹತ್ತಿರ ಬಂದಿದ್ದಾನಲ್ಲ ಪುಣ್ಯಾತ್ಮ!

ತೋಟದಾಚೆ
ಮಂಗಳವಾರ, ಬೆಳಿಗ್ಗೆ 8:30

ಶಿರಸಿ ಹತ್ತಿರದ ಹಳ್ಳಿಯವಳು. ಮಾಸ್ತರೇ, ನಿಮ್ಮ ಲೆಕ್ಕ ನೋಡಿ ನಮ್ಮ ಅಪ್ಪಯ್ಯನ ರಿಪೋರ್ಟ್ ಹುಡುಕಿ ತೆಗೆದೆ. ಅಪ್ಪಯ್ಯಂಗೆ 78. ಅನುಪಾತ 68%. 70ಕ್ಕಿಂತ ಕಡಿಮೆ ಅಂತ ಸಿಒಪಿಡಿ ಎಂದು ಬರೆದುಕೊಟ್ಟಿದ್ದಾರೆ. ಸಿಗರೇಟು ಇಲ್ಲ. ಎಲೆ ಅಡಿಕೆ ಹಾಕುತ್ತಿದ್ದರು, ಈಗ ಅದೂ ಇಲ್ಲ. ಇದೂ ಸೂತ್ರದ ತಪ್ಪೇ?

ಶರಾವತಿಕಡೆ
ಮಂಗಳವಾರ, ಮಧ್ಯಾಹ್ನ 2:10

ಹೊನ್ನಾವರ ಕಡೆಯ ಡಾಕ್ಟರ್ ನಾನು. ರಿಪೋರ್ಟ್ ನೋಡದೆ, ರೋಗಿಯನ್ನು ಮುಟ್ಟದೆ ರೋಗ ಹೇಳುವುದಿಲ್ಲ. ಸಾಮಾನ್ಯ ಮಾತು ಮಾತ್ರ ಹೇಳುತ್ತೇನೆ.

ತೋಟದಾಚೆಯವರೇ, 0.70 ಅನ್ನುವುದು ಎಲ್ಲ ವಯಸ್ಸಿಗೂ ಒಂದೇ ಗೆರೆ. ನೆನಪಿಡಲು ಸುಲಭ, ಅದಕ್ಕೇ ಬಳಕೆಯಲ್ಲಿದೆ. ಆದರೆ ಅನುಪಾತ ವಯಸ್ಸಾದ ಹಾಗೆ ತಾನಾಗಿಯೇ ಇಳಿಯುತ್ತದೆ. ಹರೆಯದಲ್ಲಿ 80ರಿಂದ 85ರ ಆಸುಪಾಸು ಇರುವುದು, ಎಪ್ಪತ್ತು ದಾಟಿದ ಮೇಲೆ ಆರೋಗ್ಯವಂತರಲ್ಲೂ ಕೆಲವರಿಗೆ 70ರ ಕೆಳಗೆ ಬರುತ್ತದೆ. ಇನ್ನೊಂದು, ಆ 0.70ರ ಗೆರೆ ಲೆಕ್ಕಕ್ಕೆ ಬರುವುದು ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೆ ಊದಿದ್ದಕ್ಕೆ. ಸಾಲ್ಬುಟಮಾಲ್ ಪಫ್ ಕೊಟ್ಟು, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸಿದ್ದಾರಾ? ನೋಡಿ.

ಸದಾಶಿವಗಡದವರಿಗೆ ಹೇಳಬೇಕಾದ್ದೂ ಇದಕ್ಕೇ ಸೇರಿದೆ. 80% ಕೂಡ ಅಂಥದ್ದೇ ಒಂದು ದುಂಡು ಅಂಕಿ. ಈಗ ನಾವು ನೋಡಬೇಕಾದ್ದು ಕೆಳಮಿತಿ. ನಿಮ್ಮ ವಯಸ್ಸು, ನಿಮ್ಮ ಎತ್ತರದ ನೂರು ಜನ ಆರೋಗ್ಯವಂತರನ್ನು ಸಾಲಾಗಿ ನಿಲ್ಲಿಸಿದರೆ, ತೀರಾ ಕೆಳಗಿನ ಐದು ಜನರ ಮೇಲೆ ಒಂದು ಗೆರೆ ಎಳೆಯುತ್ತಾರೆ. ಆ ಗೆರೆ ಕೆಳಮಿತಿ. ಅದರ ಕೆಳಗೂ ಐದು ಜನ ಆರೋಗ್ಯವಂತರೇ ಇದ್ದಾರೆ ಅನ್ನುವುದು ಮರೆಯಬಾರದು. ಮಾಸ್ತರೇ, ಆರೋಗ್ಯವಂತರ ಅಂಕಿ ಸೂತ್ರದ ಅಂಕಿಯಿಂದ ಎಷ್ಟು ಆಚೀಚೆ ಹರಡಿರುತ್ತದೆ ಅನ್ನುವ ಅಳತೆ ಆ ಸೂತ್ರದಲ್ಲಿ 0.61 ಲೀಟರ್. ಕೆಳಗಿನ ಐದು ಜನರ ಗೆರೆ ಸಿಗಲು ಅದನ್ನು 1.645ರಿಂದ ಗುಣಿಸಿ, ಸೂತ್ರದ ಅಂಕಿಯಿಂದ ಕಳೆದು ನೋಡಿ.

ಅಂಕೋಲೆಮಾಸ್ತರು
ಮಂಗಳವಾರ, ಮಧ್ಯಾಹ್ನ 2:25

ಗುಣಿಸಿದರೆ 1.00. 3.98ರಲ್ಲಿ ಕಳೆದರೆ 2.98. ಇವರು ಊದಿದ್ದು 3.10. ಅಯ್ಯೋ, ಅಂದರೆ ಆ ಯುರೋಪಿನ ಸೂತ್ರದಲ್ಲೇ, ಹೊಟ್ಟೆ ತುಂಬಾ ಉಂಡು, 2.8 ಸೆಕೆಂಡ್ ಊದಿಯೂ ಇವರು ಗೆರೆಯ ಮೇಲೆಯೇ ಇದ್ದಾರೆ!

ಶರಾವತಿಕಡೆ
ಮಂಗಳವಾರ, ಮಧ್ಯಾಹ್ನ 2:50

ಹೌದು. ಅದರ ಮೇಲೆ ‘ಎಥ್ನಿಕ್ 100%’. ಅಂದರೆ ಯುರೋಪಿನವರ ಅಂಕಿಯನ್ನು ಇದ್ದ ಹಾಗೇ ಹಾಕಿದ್ದಾರೆ. ಒಂದೇ ಎತ್ತರ, ಒಂದೇ ವಯಸ್ಸಿನ ಭಾರತೀಯರ ಅಂಕಿ ಯುರೋಪಿನವರಿಗಿಂತ ಸರಾಸರಿಯಲ್ಲಿ ಕಡಿಮೆ ಬರುತ್ತದೆ. ಹಾಗಾಗಿ ಬಹಳ ಕಡೆ ಅದನ್ನು 90% ಮಾಡಿಕೊಂಡು ಬಳಸುತ್ತಾರೆ. ಆಗ ನಿಮ್ಮ 78 ಹೋಗಿ 86 ಆಗುತ್ತದೆ. ಶ್ವಾಸಕೋಶ ಅದೇ, ಊದಿದ ಗಾಳಿ ಅದೇ.

ನಮ್ಮವರ ಮೇಲೇ ಮಾಡಿದ ಅಳತೆಗಳೂ ಇವೆ. ಮದ್ರಾಸಿನ ಆರೋಗ್ಯವಂತ ಯುವಜನರದ್ದು 1990ರಲ್ಲಿ ಪ್ರಕಟವಾಗಿದೆ. ಮುಂಬೈ ಮತ್ತು ಉತ್ತರ ಭಾರತದ್ದೂ ಇವೆ. ಆಮೇಲೆ 2012ರಲ್ಲಿ ಜಿಎಲ್‌ಐ ಎಂಬ ಜಾಗತಿಕ ಸೂತ್ರ ಬಂತು. 26 ದೇಶಗಳ 74,000ಕ್ಕೂ ಹೆಚ್ಚು ಸಿಗರೇಟು ಸೇದದ ಆರೋಗ್ಯವಂತರ ಅಳತೆ ಅದರ ಹಿಂದಿದೆ. 3 ವರ್ಷದ ಮಗುವಿನಿಂದ 95ರ ಮುದುಕರವರೆಗೆ ಲೆಕ್ಕ ಹಾಕಬಹುದು. ಅದರಲ್ಲೂ ಭಾರತೀಯರಿಗೆ ಅಂತ ಬೇರೆ ಗುಂಪು ಇರಲಿಲ್ಲ, ‘ಇತರೆ’ಯಲ್ಲಿ ಸೇರಿಸಬೇಕಿತ್ತು. 2022ರಲ್ಲಿ ಜನಾಂಗದ ಗುಂಪೇ ಬೇಡ ಅಂತ ಎಲ್ಲರಿಗೂ ಒಂದೇ ಸೂತ್ರ ತಂದರು. 2023ರಲ್ಲಿ ಅಮೆರಿಕದ ಎದೆರೋಗ ತಜ್ಞರ ಸಂಘ ಅದನ್ನೇ ಬಳಸಿ ಅಂದಿತು.

ತೋಟದಾಚೆ
ಮಂಗಳವಾರ, ಸಂಜೆ 5:40

ಡಾಕ್ಟ್ರೇ, ಒಂದು ಪ್ರಶ್ನೆ. ಸಿಟ್ಟಿನಿಂದ ಕೇಳುತ್ತಿಲ್ಲ.

‘ನಿಮ್ಮವರಿಗೆ ಹತ್ತು ಪರ್ಸೆಂಟ್ ಕಡಿಮೆಯೇ ನಾರ್ಮಲ್’ ಅಂತ ಮೊದಲೇ ಒಪ್ಪಿಕೊಂಡರೆ ಏನು ಕಥೆ? ಆ ಹತ್ತು ಪರ್ಸೆಂಟ್ ಎಲ್ಲಿ ಹೋಯಿತು ಅಂತ ಯಾರು ಕೇಳುತ್ತಾರೆ? ನಮ್ಮ ಆಯಿ ಸಿಗರೇಟು ಕಣ್ಣಲ್ಲೂ ನೋಡಿದವಳಲ್ಲ. ಯಾವ ಅಧ್ಯಯನದವರು ಬಂದಿದ್ದರೂ ಅವಳನ್ನು ‘ಸೇದದ ಆರೋಗ್ಯವಂತೆ’ ಪಟ್ಟಿಗೇ ಸೇರಿಸುತ್ತಿದ್ದರು. ಆದರೆ ಐವತ್ತು ವರ್ಷ ಬೆಳಿಗ್ಗೆ ಎದ್ದು ಬಚ್ಚಲ ಒಲೆಗೆ ಹಸಿ ಸೌದೆ ತುರುಕಿದ್ದಾಳೆ. ಕೊನೆಕೊಯ್ಲು ಶುರುವಾದರೆ ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆ ರಾತ್ರಿ ಹನ್ನೊಂದರವರೆಗೆ ಉರಿಯುತ್ತಿತ್ತು. ಹೊಗೆ ತಿರುಗಿದ ಕಡೆಗೆಲ್ಲ ಅವಳ ಮುಖವೂ ಇರುತ್ತಿತ್ತು. ಅವಳ ಸೀರೆ ಸೆರಗಿಗೆ ಇವತ್ತಿಗೂ ಅದೇ ವಾಸನೆ. ಅಂಥವರ ಸರಾಸರಿ ತೆಗೆದು ‘ಇದೇ ನಿಮ್ಮ ನಾರ್ಮಲ್’ ಅಂದರೆ ಹೊಗೆಯನ್ನೂ ನಾರ್ಮಲ್ ಮಾಡಿದ ಹಾಗಲ್ಲವೇ?

ಶರಾವತಿಕಡೆ
ಮಂಗಳವಾರ, ರಾತ್ರಿ 9:15

ನೀವು ಕೇಳಿದ್ದನ್ನೇ ಈ ವಿಷಯದ ದೊಡ್ಡವರೂ ಕೇಳುತ್ತಿದ್ದಾರೆ. ಜನಾಂಗದ ಲೆಕ್ಕ ಕೈಬಿಟ್ಟದ್ದು ಹೆಚ್ಚುಕಡಿಮೆ ಇದೇ ಕಾರಣಕ್ಕೆ. ಅದರ ಹಿಂದೆ ಕೆಟ್ಟ ಇತಿಹಾಸವೂ ಇದೆ. ಅಮೆರಿಕದಲ್ಲಿ ಗುಲಾಮಗಿರಿ ಇದ್ದ ಕಾಲದಲ್ಲಿ ಕರಿಯರ ಶ್ವಾಸಕೋಶವೇ ಕಡಿಮೆಯದು ಅಂತ ಸ್ಪೈರೋಮೀಟರ್ ಹಿಡಿದು ವಾದಿಸಿದವರಿದ್ದರು. ದುಡಿಸಿಕೊಳ್ಳಲು ಅದೂ ಒಂದು ನೆಪ.

ವ್ಯತ್ಯಾಸದ ಒಂದು ಪಾಲು ದೇಹದ ಕಟ್ಟಿನದ್ದು. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬನಿಗೆ ಕಾಲು ಉದ್ದ, ಇನ್ನೊಬ್ಬನಿಗೆ ಮುಂಡ ಉದ್ದ ಇರಬಹುದು. ಶ್ವಾಸಕೋಶ ಇರುವುದು ಮುಂಡದಲ್ಲಿ. ಇನ್ನೊಂದು ಪಾಲು ಹೊಟ್ಟೆಯಲ್ಲಿದ್ದಾಗಿನಿಂದ ಸಿಕ್ಕ ಆಹಾರ, ಬಾಲ್ಯದ ಸೋಂಕು, ಮನೆಯ ಹೊಗೆ. ಇವುಗಳನ್ನು ಬಿಡಿಸಿ ನೋಡುವುದು ಕಷ್ಟ. 90% ಮಾಡಿದರೆ ಸದಾಶಿವಗಡದವರಂಥ ಗಟ್ಟಿ ಮನುಷ್ಯನ ಕೆಲಸ ಉಳಿಯುತ್ತದೆ. ಆದರೆ ನಿಮ್ಮ ಆಯಿಯಂಥವರ ನಷ್ಟ ಅದರೊಳಗೆ ಮುಚ್ಚಿಹೋಗಬಹುದು. ಎರಡೂ ನಿಜ. ನಾನಂತೂ ನಂಬರಿಗಿಂತ ಮೊದಲು ಒಲೆಯ ವಿಷಯ ಕೇಳುತ್ತೇನೆ.

ಹಾಗಾಗಿ ನಿಮ್ಮ ಅಪ್ಪಯ್ಯನ 68ನ್ನು ‘ವಯಸ್ಸಿನದ್ದು’ ಅಂತ ತಳ್ಳಿಹಾಕಬೇಡಿ. ಅದೇ ಅಂಗಳದ ಹೊಗೆ ಅವರೂ ಕುಡಿದಿದ್ದಾರೆ ಅಲ್ವಾ? ಬೆಳಿಗ್ಗೆ ಕೆಮ್ಮು, ಕಫ ಇದೆಯಾ? ತೋಟದ ಏರು ಹತ್ತುವಾಗ ನಿಲ್ಲುತ್ತಾರಾ? ಇದ್ದರೆ ಕರೆದುಕೊಂಡು ಹೋಗಿ ತೋರಿಸಿ. ಆಯಿಯನ್ನೂ ಒಮ್ಮೆ ಊದಿಸಿ.

ತೋಟದಾಚೆ
ಮಂಗಳವಾರ, ರಾತ್ರಿ 9:32

ನಿಲ್ಲುತ್ತಾರೆ. ಹಲಸಿನ ಮರದ ಹತ್ತಿರ ನಿಂತು ಮರ ನೋಡಿದ ಹಾಗೆ ಮಾಡುತ್ತಾರೆ. ಆಯಿಗೆ ಹದಿನೈದು ದಿನದ ಹಿಂದೆ ಕಣ್ಣಿನ ಪೊರೆ ತೆಗೆಸಿದೆ. ಈಗ ಊದಿಸಬಹುದಾ?

ಊದುಗೊಳವೆ
ಮಂಗಳವಾರ, ರಾತ್ರಿ 9:50

ಅಕ್ಕಾ, ಈಗಲೇ ಬೇಡ. ಜೋರಾಗಿ ಊದಿದರೆ ಕಣ್ಣಿನೊಳಗೆ ಒತ್ತಡ ಏರುತ್ತದೆ. ಕಣ್ಣಿನ ಡಾಕ್ಟರ್ ಆಗಬಹುದು ಅಂದ ಮೇಲೆ ಮಾಡಿಸಿ. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದವರಿಗೂ ನಾವು ಊದಿಸುವುದಿಲ್ಲ. ಆಯಿಗೆ ಬೆನ್ನು ಬಾಗಿದ್ದರೆ ಎತ್ತರ ಅಳೆಯುವ ಬದಲು ಎರಡೂ ಕೈ ಚಾಚಿ, ಬೆರಳತುದಿಯಿಂದ ಬೆರಳತುದಿಗೆ ಅಳೆಯಲು ಹೇಳಿ. ಹಲ್ಲಿನ ಸೆಟ್ ಬಿಗಿಯಾಗಿದ್ದರೆ ಬಾಯಲ್ಲೇ ಇರಲಿ. ತೆಗೆದರೆ ತುಟಿಯ ಸಂದಿಯಲ್ಲಿ ಗಾಳಿ ಸೋರುತ್ತದೆ.

ಬೆಳಚುಸಾರು
ಬುಧವಾರ, ಬೆಳಿಗ್ಗೆ 10:05

ನಾನು ಅಘನಾಶಿನಿ ದಂಡೆಯವಳು. 34 ವರ್ಷ, ಚಿಕ್ಕಂದಿನಿಂದ ಅಸ್ತಮಾ. ಮನೆಯಲ್ಲಿ ಪೀಕ್ ಫ್ಲೋ ಮೀಟರ್ ಇದೆ. ಉದ್ದ ಕೊಳವೆ, ಊದಿದರೆ ಮುಳ್ಳು ಓಡುವುದು. ಪೆಟ್ಟಿಗೆಯಲ್ಲಿ ಬಂದ ಚಾರ್ಟಿಗಿಂತ ನನ್ನದು ಯಾವತ್ತೂ ಕಡಿಮೆ. ಇನ್‌ಹೇಲರ್ ಸರಿಯಾಗಿ ತಗೊಂಡು, ಆರಾಮಾಗಿರುವಾಗ 370 ಬರುತ್ತದೆ. ಅದಕ್ಕಿಂತ ಮೇಲೆ ಹೋದದ್ದೇ ಇಲ್ಲ. ಚಾರ್ಟ್ ನೋಡಿ ನೋಡಿ ಬೇಜಾರಾಗಿದೆ.

ಶರಾವತಿಕಡೆ
ಬುಧವಾರ, ಮಧ್ಯಾಹ್ನ 1:30

ಚಾರ್ಟ್ ಮಡಚಿಡಿ. ಚಾರ್ಟ್ ಬೇರೆಯವರದ್ದು. ಅಸ್ತಮಾದವರಿಗೆ ಲೆಕ್ಕ ನಿಮ್ಮದೇ ಒಳ್ಳೆಯ ದಿನದ ಅಂಕಿಯಿಂದ. ನಿಮಗೆ ಅದು 370. 80% ಅಂದರೆ 296, ಅದರ ಮೇಲಿದ್ದರೆ ಹಸಿರು. ಅರ್ಧ ಅಂದರೆ 185. ಅದರ ಕೆಳಗೆ ಹೋದರೆ ಕೆಂಪು, ಮನೆಯಲ್ಲಿ ಕೂರಬಾರದು, ತಕ್ಷಣ ಆಸ್ಪತ್ರೆಗೆ. ನಡುವಿನದ್ದು ಹಳದಿ, ಡಾಕ್ಟರ್ ಬರೆದುಕೊಟ್ಟ ಹಾಗೆ ಔಷಧಿ ಏರಿಸುವ ಹೊತ್ತು. ನಿಂತುಕೊಂಡು ಮೂರು ಸಲ ಊದಿ, ದೊಡ್ಡದನ್ನು ಬರೆದಿಡಿ. ಇದು ನಿಮಿಷಕ್ಕೆ ಎಷ್ಟು ಲೀಟರ್ ಅನ್ನುವ ವೇಗದ ಅಳತೆ. ಲೀಟರಿನ ಎಫ್‌ವಿಸಿ ಜೊತೆ ಹೋಲಿಸಲು ಬರುವುದಿಲ್ಲ.

ಮಾಜಾಳಿಹುಡುಗ
ಬುಧವಾರ, ಸಂಜೆ 6:20

ನಮ್ಮ ಕಾಕಾ ಬಂಡೆಗೆ ಅಂಟಿದ ಚಿಪ್ಪು ಕೀಳಲು ಮುಳುಗುತ್ತಾರೆ. ಒಂದೂವರೆ ನಿಮಿಷ ಮೇಲೆ ಬರುವುದೇ ಇಲ್ಲ. ಅವರಿಗೆ ಎಷ್ಟು ಪರ್ಸೆಂಟ್ ಇರಬಹುದು? ಬೆರಳಿಗೆ ಹಾಕುವ ಕ್ಲಿಪ್ಪಿನಲ್ಲಿ 98 ಬಂತು.

ಊದುಗೊಳವೆ
ಬುಧವಾರ, ರಾತ್ರಿ 8:00

ಕ್ಲಿಪ್ಪಿನ 98 ರಕ್ತದಲ್ಲಿನ ಆಕ್ಸಿಜನ್. ಆರೋಗ್ಯವಂತರಿಗೆ 95ರಿಂದ 100. ಅದರಲ್ಲಿ ಶ್ವಾಸಕೋಶ ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ. ಉಸಿರು ಹಿಡಿಯುವುದು ಅಭ್ಯಾಸದ ಮಾತು, ಒಳಗೆ ಕಟ್ಟಿಕೊಂಡ ಇಂಗಾಲದ ಡೈಆಕ್ಸೈಡ್ ತಡೆದುಕೊಳ್ಳುವ ಮಾತು. 2020ರಲ್ಲಿ ‘ಹತ್ತು ಸೆಕೆಂಡ್ ಉಸಿರು ಹಿಡಿದರೆ ಕೊರೋನಾ ಇಲ್ಲ’ ಅಂತ ಎಲ್ಲರ ಮೊಬೈಲಿಗೂ ಬಂದಿತ್ತಲ್ಲ, ಅದು ಶುದ್ಧ ಸುಳ್ಳು. ಕಾಕಾನನ್ನು ಒಮ್ಮೆ ಕರೆದುಕೊಂಡು ಬಾ ಮಾರಾಯಾ, ಊದಿಸಿಯೇ ನೋಡೋಣ. ನನಗೂ ಕುತೂಹಲ.

ಸದಾಶಿವಗಡದವ
ಗುರುವಾರ, ರಾತ್ರಿ 10:10

ಎತ್ತರ ಅಳೆದಾಯಿತು. ಮಗಳು ಅಳೆದಳು. ಗೋಡೆಗೆ ನಿಲ್ಲಿಸಿ, ತಲೆ ಮೇಲೆ ತನ್ನ ಸಮಾಜ ಪುಸ್ತಕ ಅಡ್ಡ ಇಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಳು. 165. ಮೂರು ಸಲ ಅಳೆಸಿದೆ, 165 ಬಿಟ್ಟು ಬೇರೆ ಬರಲಿಲ್ಲ. ಮೂವತ್ತು ವರ್ಷದಿಂದ ಎಲ್ಲ ಕಾಗದದಲ್ಲೂ 168 ಅಂತ ಬರೆದುಕೊಂಡು ಬಂದಿದ್ದೇನೆ. ಪುಸ್ತಕ ಯಾಕೆ ಅಂತ ಹೆಂಡತಿ ಕೇಳಿದಳು. ಎಲ್ಲ ಹೇಳಬೇಕಾಯಿತು.

ಅಂಕೋಲೆಮಾಸ್ತರು
ಶುಕ್ರವಾರ, ಬೆಳಿಗ್ಗೆ 6:05

1.65 ಹಾಕಿದರೆ ಯುರೋಪಿನ ಸೂತ್ರದಲ್ಲೇ 3.81 ಲೀಟರ್ ಬರುತ್ತದೆ. 3.10ನ್ನು ಅದರಿಂದ ಭಾಗಿಸಿ. 81%. ಬೇರೆ ಏನನ್ನೂ ಮುಟ್ಟಿಲ್ಲ, ಬರೀ ಸುಳ್ಳು ಮೂರು ಸೆಂಟಿಮೀಟರ್ ತೆಗೆದದ್ದು. ಮೈಲ್ಡ್ ರಿಸ್ಟ್ರಿಕ್ಷನ್ ಗೋಡೆಯ ಮೇಲೇ ಗುಣವಾಯಿತು.

ಸದಾಶಿವಗಡದವ
ಭಾನುವಾರ, ಸಂಜೆ 7:45

ನಿನ್ನೆ ಬೇರೆ ಕಡೆ ಮತ್ತೆ ಮಾಡಿಸಿದೆ. ಬೆಳಿಗ್ಗೆ ಎರಡು ಇಡ್ಲಿ ಮಾತ್ರ. ಬೆಲ್ಟ್ ಸಡಿಲ ಮಾಡಿಕೊಂಡೆ. ಅಲ್ಲಿದ್ದ ಹುಡುಗಿ ಮೊದಲು ಚಪ್ಪಲಿ ಬಿಡಿಸಿ ಎತ್ತರ ಅಳೆದಳು. ಮೂಗಿಗೆ ಕ್ಲಿಪ್ ಹಾಕಿ, ಬೆನ್ನು ನೇರ ಕೂರಿಸಿದಳು. ಊದಲು ಶುರು ಮಾಡಿದ್ದೇ ತಡ, “ಬಿಡಿ ಬಿಡಿ ಬಿಡಿ, ಇನ್ನೂ ಇನ್ನೂ, ಇದೆ ಇದೆ, ನಿಲ್ಲಿಸಬೇಡಿ ಕಾಕಾ” ಅಂತ ಕೂಗಿದಳು. ನಾಲ್ಕು ಸೆಕೆಂಡಿಗೆ ಎಲ್ಲ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಪರದೆಯ ಮೇಲೆ ಗೆರೆ ಇನ್ನೂ ಕೂದಲೆಳೆಯಷ್ಟು ಮೇಲೇರುತ್ತಲೇ ಇತ್ತು. ಏಳನೇ ಸೆಕೆಂಡಿಗೆ ಕಣ್ಣೆದುರು ಮಿಂಚುಹುಳ ಹಾರಿದವು. ಒಂದು ಸಲ ಕೆಮ್ಮು ಬಂತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಟ್ಟು ಐದು ಸಲ ಊದಿದೆ.

ಎಫ್‌ವಿಸಿ 3.38. ಎರಡನೆಯದು 3.31. ಎಫ್‌ಇವಿ1 2.61. ಅನುಪಾತ 77%. ಯುರೋಪಿನ ಲೆಕ್ಕದಲ್ಲೇ 89 ಮತ್ತು 84. ಡಾಕ್ಟರ್ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಎಕ್ಸ್‌ರೇ ನೋಡಿದರು, ನಾರ್ಮಲ್ ಅಂತ ತಮ್ಮ ಕೈಯಲ್ಲೇ ಬರೆದು ಸಹಿ ಹಾಕಿದರು.

ಊದುಗೊಳವೆ
ಭಾನುವಾರ, ರಾತ್ರಿ 8:10

ನೋಡಿದಿರಾ? ಮೊದಲ ಸೆಕೆಂಡಿನದ್ದು 2.55 ಇದ್ದದ್ದು 2.61, ಬರೀ 60 ಮಿಲಿ. ಆದರೆ ಒಟ್ಟು 280 ಮಿಲಿ ಏರಿತು. ಉಳಿದ 220 ಮಿಲಿ ಬಾಲದಲ್ಲಿತ್ತು. ಆ ಹುಡುಗಿಗೆ ನನ್ನ ನಮಸ್ಕಾರ ಹೇಳಿ.

ಶರಾವತಿಕಡೆ
ಭಾನುವಾರ, ರಾತ್ರಿ 8:40

ಎರಡೂ ರಿಪೋರ್ಟ್ ಇಟ್ಟುಕೊಳ್ಳಿ, ಮೊದಲನೆಯದನ್ನು ಹರಿಯಬೇಡಿ. ಮುಂದಿನ ವರ್ಷ ಪರ್ಸೆಂಟ್ ಬಿಡಿ, ಲೀಟರ್ ನೋಡಿ. 2.61 ಇದ್ದದ್ದು 2.58ರ ಹತ್ತಿರ ಇದ್ದರೆ ಅದು ವಯಸ್ಸು. 2.2 ಆಗಿದ್ದರೆ ಫೋನ್ ಮಾಡದೆ ಸೀದಾ ಬನ್ನಿ.

ತೋಟದಾಚೆ
ಭಾನುವಾರ, ರಾತ್ರಿ 9:20

ಒಳ್ಳೆಯದಾಯಿತು. ನಮ್ಮ ಅಪ್ಪಯ್ಯಂಗೆ ಔಷಧಿ ಕೊಟ್ಟ ಮೇಲೆ ಊದಿಸಿರಲಿಲ್ಲ. ಬುಧವಾರ ಮತ್ತೆ ಕರೆದಿದ್ದಾರೆ. ಬಚ್ಚಲಿಗೆ ಸೋಲಾರ್ ಹಾಕಿಸೋಣ ಅಂದೆ. ಮಳೆಗಾಲದಲ್ಲಿ ಏನು ಮಾಡ್ತೆ ಅಂತ ಆಯಿ ಕೇಳಿದಳು.

ಸದಾಶಿವಗಡದವ
ಭಾನುವಾರ, ರಾತ್ರಿ 9:35

ಆಯಿ ಕೇಳಿದ್ದು ಸರಿಯೇ ಇದೆ. ನಮ್ಮಲ್ಲೂ ಜುಲೈಯಲ್ಲಿ ಸೂರ್ಯನೇ ಕಾಣುವುದಿಲ್ಲ.

ನಾಳೆ ಆಫೀಸಿಗೆ ಹೊಸ ರಿಪೋರ್ಟ್ ಕೊಡಬೇಕು. ಫಾರಂನಲ್ಲಿ ಎತ್ತರ ಬದಲಾದದ್ದು ಯಾಕೆ ಅಂತ ಖಂಡಿತ ಕೇಳುತ್ತಾರೆ. ಗೋಡೆ ಮೇಲಿನ ಪೆನ್ಸಿಲ್ ಗೆರೆ ಹಾಗೇ ಇದೆ. ಅದರ ಕೆಳಗೆ ಮಗಳು ತನ್ನದನ್ನೂ ಎಳೆದುಕೊಂಡಿದ್ದಾಳೆ, ದಿನಾ ಬೆಳಿಗ್ಗೆ ಹೋಗಿ ನೋಡುತ್ತಾಳೆ.